ನಡುವೆ ಬಿಟ್ಟ ಒಂದು ಮೊಳ

ಕೆಲಸ ಮುಗಿಸಿ ಹೊರಗೆ ಬಂದ ಕೂಡಲೇ ಪೊರ್ಬುಗಳ ಕನ್ನಡಕ ಬೆಳ್ಳಗಾಗಿಬಿಡುತ್ತಿತ್ತು. ಒಳಗೆ ಶಾಪಿಂಗ್ ಮಾಲಿನ ಕೃತಕ ಹಿಮದ ಅಂಗಳ, ಹೊರಗೆ ದುಬೈಯ ಆಗಸ್ಟ್ ತಿಂಗಳು. ಅವರು ಒರೆಸುತ್ತಿರಲಿಲ್ಲ. "ತಾನಾಗಿ ಹೋಗ್ತದೆ ಮಾರಾಯ್ರೆ, ಅವಸರ ಎಂತ?" ಎಂದು ಬಸ್‌ಸ್ಟಾಪಿನಲ್ಲಿ ಮೂಗು ಮೇಲೆ ಮಾಡಿ ನಿಲ್ಲುತ್ತಿದ್ದರು. ಜೊತೆಗಿದ್ದಾಗ ಬಸ್ಸಿನ ನಂಬರು ಓದಿ ಹೇಳುವುದು ನನ್ನ ಕೆಲಸ.

ಅಲ್ ನಹ್ದಾದಲ್ಲಿ ನಮ್ಮದು ಎದುರುಬದುರು ಮನೆ. ನಮ್ಮ ಕರಾವಳಿಯಲ್ಲಿ ಕ್ರೈಸ್ತ ಗಂಡಸರನ್ನು ಪೊರ್ಬುಗಳು ಎಂದು ಕರೆಯುವುದು ರೂಢಿ. ನನಗೂ ಅವರು ಕೊನೆಯವರೆಗೆ ಅಷ್ಟೇ. ಹಿಮದ ಅಂಗಳದಲ್ಲಿ ಬೂಟು, ಸ್ಕೀ ಬಾಡಿಗೆಗೆ ಕೊಡುವ ಕೌಂಟರಿನಲ್ಲಿದ್ದರು. ಬಂದವರೆಲ್ಲ ಇಳಿಜಾರಿನಲ್ಲಿ ಜಾರಲು ಹಾತೊರೆದರೆ ಇವರ ಹುಚ್ಚು ಕ್ರಾಸ್-ಕಂಟ್ರಿಯದು. ಅಂದರೆ ತೆಳ್ಳಗಿನ ಸ್ಕೀ ಪಟ್ಟಿಗಳನ್ನು ಕಾಲಿಗೆ ಕಟ್ಟಿಕೊಂಡು, ಕೋಲು ಊರುತ್ತ, ಏರು ತಗ್ಗು ಎನ್ನದೆ ಹಿಮದ ಮೇಲೆ ಓಡುವುದು. ತನ್ನ ದೇಶಕ್ಕೆ ಮರಳಿದ ಬಿಳಿಯ ಎಂಜಿನಿಯರನೊಬ್ಬ ಹಿಮದ ಸ್ಕೀ ಒಂದು ಜೊತೆ, ರಸ್ತೆಯಲ್ಲಿ ಅಭ್ಯಾಸ ಮಾಡುವ ಚಕ್ರದ ಸ್ಕೀ ಒಂದು ಜೊತೆ ಇವರಿಗೆ ಬಿಟ್ಟುಹೋಗಿದ್ದ.

ನಾನು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಪೇಂಟ್ ಕಾರ್ಖಾನೆಯಲ್ಲಿ ಬಣ್ಣ ಬಳಿದ ಹಲಗೆಗಳನ್ನು ಪರೀಕ್ಷಿಸುವವನು. ಬಣ್ಣ ತಾಗದ ಒಂದು ಬೆರಳಗಲ ಜಾಗ ಕಂಡರೂ ನನಗೆ ಸಮಾಧಾನವಿಲ್ಲ. ಆಗಿನ್ನೂ ಶುಕ್ರವಾರ ರಜೆ. ಬೆಳಿಗ್ಗೆ ಅಲ್ಲಿನ ಗೋದಾಮುಗಳ ಬೀದಿಗಳೆಲ್ಲ ಖಾಲಿ. ಪೊರ್ಬುಗಳು ನನಗೆ ಚಕ್ರದ ಸ್ಕೀ ಕಲಿಸಿದ್ದು ಅಲ್ಲಿ. ಮೊದಲ ದಿನ ನಿಂತಿದ್ದ ಲಾರಿಯ ಟೈರನ್ನು ಅಪ್ಪಿಕೊಂಡೇ ಬದುಕಿಕೊಂಡೆ. "ಟೈರಿಗೆ ಮುತ್ತು ಕೊಟ್ಟಾಯ್ತಲ್ಲ? ಯಲ್ಲಾ, ಈಗ ಬನ್ನಿ" ಎಂದರು.

ಸಂಜೆ ಅವರ ಲ್ಯಾಪ್‌ಟಾಪಿನಲ್ಲಿ ದೊಡ್ಡ ದೊಡ್ಡ ರೇಸುಗಳನ್ನು ನೋಡುತ್ತಿದ್ದೆವು. ಗೋಡೆಯಂಥ ಏರನ್ನು ಹುಡುಗಿಯರು ಮೆಟ್ಟಿಲು ಹತ್ತಿದಷ್ಟು ಸಲೀಸಾಗಿ ಓಡಿ ಹತ್ತುವುದನ್ನು ನೋಡಿ ನಾನು ಬಾಯಿಬಿಟ್ಟು ಕೂರುತ್ತಿದ್ದೆ. ಗೆರೆ ದಾಟಿದ ಕೂಡಲೇ ಅವರೆಲ್ಲ ಹಿಮದ ಮೇಲೆ ದೊಪ್ಪನೆ ಬೀಳುವುದೇಕೆ ಎಂದು ಕೇಳಿದ್ದೆ. "ಮನೆಗೆ ಅಂತ ಸ್ವಲ್ಪ ಶಕ್ತಿ ಉಳಿಸಿಕೊಂಡು ಬಂದರೆ ಅದು ರೇಸಾ?" ಎಂದಿದ್ದರು. ಆದರೆ ಒಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡಲಿಲ್ಲ. ಹುಡುಗಿಯೊಬ್ಬಳು ಏರಿನಲ್ಲಿ ಕಾಲು ಒತ್ತುವ ಕ್ಷಣಕ್ಕೆ ಚಿತ್ರ ನಿಲ್ಲಿಸಿ, "ಮುಂದಕ್ಕೆ ಜಾರುವ ಸ್ಕೀ ಹಿಂದಕ್ಕೆ ಯಾಕೆ ಜಾರುವುದಿಲ್ಲ? ಹೇಳಿ ನೋಡುವ" ಎನ್ನುತ್ತಿದ್ದರು. ಚಕ್ರದ ಸ್ಕೀಯ ಗಾಲಿ ಹಿಂದಕ್ಕೆ ತಿರುಗುವುದಿಲ್ಲ, ಅದು ಗೊತ್ತು. ಹಿಮದ ಸ್ಕೀಗೆ ಗಾಲಿಯೆಲ್ಲಿ? ಕೋಲಿನ ಬಲ ಎಂದೆ, ಮೈಭಾರ ಎಂದೆ. "ಮಾಫಿ" ಎಂದು ಅರಬ್ಬಿಯಲ್ಲಿ ಅಲ್ಲಗಳೆಯುತ್ತಿದ್ದರು. "ಇನ್ನೂ ನೋಡಿ. ನಾನು ಹೇಳಿದರೆ ನಿಮಗೆ ಮರೆತುಹೋಗ್ತದೆ." ಪ್ರತಿ ವಾರವೂ ಇದೇ ಕೇಳುತ್ತಿದ್ದರು.

ಅವರಿಗೆ ಅರುವತ್ತು ತುಂಬುವ ವರ್ಷ. ವೀಸಾ ಮುಗಿದರೆ ಊರಿಗೆ. ಹಿಮದ ಅಂಗಳದ ಸಿಬ್ಬಂದಿಗೆ ವರ್ಷಕ್ಕೊಮ್ಮೆ, ಬಾಗಿಲು ತೆರೆಯುವ ಮುಂಚೆ, ಒಂದು ರೇಸು ನಡೆಯುತ್ತಿತ್ತು: ಏರು ಹತ್ತಿ ಇಳಿಯುವ ಮೂರು ಸುತ್ತು. ಪ್ರತಿ ಸಲವೂ ಪೊರ್ಬುಗಳು ಅರ್ಧ ಏರಿನಲ್ಲಿ ನಿಂತುಬಿಡುತ್ತಿದ್ದರು. "ಗೆಲ್ಲುವುದು ಬೇಡ. ಒಂದು ಸಲ ಆ ಹುಡುಗಿಯ ಹಾಗೆ ನಿಲ್ಲದೆ ಹತ್ತಬೇಕು. ಆಮೇಲೆ ಖಲಾಸ್." ಆ ವರ್ಷ ರೇಸಿನ ವಾರ ಅಭ್ಯಾಸದಲ್ಲಿ ಎರಡು ಬಾರಿ ಹತ್ತಿಯೂ ಇದ್ದರು.

ರೇಸಿನ ಹಿಂದಿನ ಸಂಜೆ ಅವರ ಮನೆಗೆ ಹೋದೆ. ಇಗರ್ಜಿಯಲ್ಲಿ ಉರಿದು ಉಳಿದ ಮೇಣದಬತ್ತಿಯ ತುಂಡುಗಳನ್ನು ಕೇಳಿ ತಂದು, ಇಸ್ತ್ರಿಪೆಟ್ಟಿಗೆಯಲ್ಲಿ ಕರಗಿಸಿ, ಚೆನ್ನಾಗಿ ಜಾರಲೆಂದು ಸ್ಕೀಯ ತಳಕ್ಕೆ ಸವರುವುದು ಅವರ ಕ್ರಮ. ಮುಂದಿನ ಭಾಗಕ್ಕೂ ಹಿಂದಿನ ಭಾಗಕ್ಕೂ ಸವರಿ ಆಗಿತ್ತು. ಅಷ್ಟರಲ್ಲಿ ಒಳಗಿನಿಂದ ಬಾಯಮ್ಮ, ಅಂದರೆ ಅವರ ಹೆಂಡತಿ, ಕರೆದರು. ಏಳು ಗಂಟೆ, ಜಪಮಾಲೆಯ ಪ್ರಾರ್ಥನೆ. ಆ ಹೊತ್ತಿಗೆ ಏನೇ ಕೆಲಸವಿದ್ದರೂ ಅವರು ಹಾಗೇ ಬಿಟ್ಟು ಏಳುವವರು. ನಾನೊಬ್ಬನೇ ಉಳಿದೆ. ಎರಡೂ ಸ್ಕೀಗಳ ತಳದ ನಡುಭಾಗದಲ್ಲಿ ಒಂದು ಮೊಳದಷ್ಟು ಜಾಗ ಮೇಣವಿಲ್ಲದೆ ಮಂಕಾಗಿತ್ತು. ಪಾಪ, ಅರ್ಧಕ್ಕೇ ಎದ್ದು ಹೋದರಲ್ಲ ಎಂದು ಇಸ್ತ್ರಿಪೆಟ್ಟಿಗೆ ಎತ್ತಿಕೊಂಡೆ. ಆ ಜಾಗದಲ್ಲಿ ಮೀನಿನ ಚಿಪ್ಪಿನಂಥ ಸಣ್ಣ ಸಣ್ಣ ಏಣುಗಳಿದ್ದವು. ಒಂದೂ ಕಾಣದಂತೆ ತುಂಬಿಸಿ, ಬಟ್ಟೆಯಲ್ಲಿ ಉಜ್ಜಿ ಹೊಳಪು ಬರಿಸಿ, ಸ್ಕೀಗಳನ್ನು ಚೀಲಕ್ಕೆ ಹಾಕಿಟ್ಟೆ. ಹೇಳಿಕೊಳ್ಳುವಷ್ಟು ದೊಡ್ಡ ಉಪಕಾರವೆಂದೂ ಅನಿಸಲಿಲ್ಲ.

ಮರುದಿನ ಗಾಜಿನ ಹೊರಗೆ ನಿಂತು ನೋಡಿದೆ. ಸಮತಟ್ಟಿನಲ್ಲಿ ಪೊರ್ಬುಗಳು ಎಲ್ಲರಿಗಿಂತ ಮುಂದಿದ್ದರು. ಏರಿಗೆ ಮೊದಲ ಹೆಜ್ಜೆ ಒತ್ತಿದರು, ಹಿಂದಕ್ಕೆ ಜಾರಿದರು. ಮತ್ತೆ ಒತ್ತಿದರು, ಮತ್ತೆ ಜಾರಿದರು. ಆ ಚಿಪ್ಪುಗಳು ಯಾಕಿದ್ದವು ಎಂಬುದು ನನಗೆ ಹೊಳೆದದ್ದು ಆಗ. ಮೀನನ್ನು ತಲೆಯಿಂದ ಬಾಲಕ್ಕೆ ಸವರಿದರೆ ನುಣುಪು, ಬಾಲದಿಂದ ತಲೆಗೆ ಸವರಿದರೆ ಕೈಗೆ ತಡೆ. ಹುಟ್ಟಿದಾರಭ್ಯ ಮೀನು ತಿಂದವನು ಇಷ್ಟು ತಿಳಿಯದೆ ಆ ತಡೆಯನ್ನೇ ಮೇಣ ಮೆತ್ತಿ ಮುಚ್ಚಿದ್ದೆನಲ್ಲ. ಪೊರ್ಬುಗಳು ಕಾಲು ಅಗಲಿಸಿ, ಸ್ಕೀಯ ಅಂಚು ಊರಿ, ಏಡಿಯ ಹಾಗೆ ಮೂರು ಸುತ್ತೂ ಹತ್ತಿದರು. ಎಲ್ಲರ ನಂತರ ಗೆರೆ ದಾಟಿ, ಆ ಹುಡುಗಿಯರ ಹಾಗೆಯೇ ದೊಪ್ಪನೆ ಬಿದ್ದರು.

"ಎಂತ ಆಯ್ತು?" ಎಂದು ಜೊತೆಯವರು ಕೇಳಿದರು. "ಪ್ರಾಯ ಆಯ್ತಲ್ಲ ಮಾರಾಯ್ರೆ" ಎಂದು ನಕ್ಕರು. ಅದಾದ ಮೇಲೂ ಶುಕ್ರವಾರಗಳಲ್ಲಿ ಸೇರುತ್ತಿದ್ದೆವು, ರೇಸು ನೋಡುತ್ತಿದ್ದೆವು. ಆದರೆ ಅವರು ಆ ಪ್ರಶ್ನೆಯನ್ನು ಮತ್ತೆಂದೂ ಕೇಳಲಿಲ್ಲ. ಮರೆತಿದ್ದಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಊರಿಗೆ ಹೊರಟ ದಿನ ಸ್ಕೀಯ ಚೀಲವನ್ನು ನನ್ನ ಹೆಗಲಿಗೆ ಹಾಕಿದರು. "ಪೊರ್ಬುಲೆ, ಒಂದು ಮಾತು…" ಎಂದೆ. "ಫ್ಲೈಟಿಗೆ ಹೊತ್ತಾಯ್ತು" ಎಂದು ಬೆನ್ನು ತಟ್ಟಿ ಟ್ಯಾಕ್ಸಿ ಹತ್ತಿದರು. ಬಿಚ್ಚಿ ನೋಡುವ ಧೈರ್ಯವಾಗದೆ ಚೀಲವನ್ನು ಮಂಚದಡಿ ತಳ್ಳಿದೆ. ಎರಡು ವರ್ಷದ ಮೇಲೆ ಬಾಯಮ್ಮನ ಫೋನು ಬಂತು. ಹೃದಯಾಘಾತ, ಆಸ್ಪತ್ರೆ ತಲುಪುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಅವತ್ತು ಚೀಲ ಬಿಚ್ಚಿದೆ.

ನಾನು ತುಂಬಿದ್ದ ಮೇಣವನ್ನು ಒಂದೊಂದು ಚಿಪ್ಪಿನಿಂದಲೂ ಕೆರೆದು ತೆಗೆದಿದ್ದರು. ಆ ಒಂದು ಮೊಳದ ಎರಡೂ ತುದಿಗೆ ಬಾಯಮ್ಮನ ಕೆಂಪು ನೇಲ್ ಪಾಲಿಶಿನ ಗೆರೆ. ನಡುವೆ ಅಂಟಿಸಿದ ಚೀಟಿಯಲ್ಲಿ ಪೊರ್ಬುಗಳ ದುಂಡು ಅಕ್ಷರ: "ಇಲ್ಲಿ ಮೇಣ ಬೇಡ." ಪಕ್ಕದಲ್ಲಿ ಇಗರ್ಜಿಯ ಮೇಣದಬತ್ತಿಯ ಒಂದು ತುಂಡು.

ನಿಮ್ಮ ಪ್ರಶ್ನೆಯ ಉತ್ತರ ನನಗೆ ಗೊತ್ತಿತ್ತು ಪೊರ್ಬುಲೆ, ಆ ಬೆಳಿಗ್ಗೆಯೇ. ಬಾಯಿಬಿಟ್ಟು ಹೇಳಿದ್ದು ಮಾತ್ರ ಇವತ್ತು.