ವಕೀಲರ ಮೋಟಾರ್ ದೋಣಿಗೆ ನೀರಡಿಕೆ

ಗೋಕಾಕದ ವಕೀಲರೊಬ್ಬರು ಮೋಟಾರ್ ದೋಣಿ ಕೊಂಡಿದ್ದಾರೆ ಎಂಬ ಸುದ್ದಿ ನಮ್ಮ ಹಿಟ್ಟಿನ ಗಿರಣಿಗೆ ಬಂದಾಗ ಯಾರೂ ನಂಬಲಿಲ್ಲ. ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಎರಡು ಮೂರು ವರ್ಷ ಮುಂಚಿನ ಮಾತು ಇದು. ನಾನು ಆಗ ಆ ಗಿರಣಿಯ ಎಣ್ಣೆ ಇಂಜಿನ್ ನಡೆಸುತ್ತಿದ್ದೆ. ವಯಸ್ಸು ಮೂವತ್ತಾಗಿದ್ದರೂ ಮೀಸೆಗೆ ಹಿಟ್ಟು ಮೆತ್ತಿಕೊಂಡು ಅರವತ್ತರವನ ಹಾಗೆ ಕಾಣುತ್ತಿದ್ದೆ. ಜೋಳದ ಬುಟ್ಟಿ ಹೊತ್ತು ಬರುವ ಹೆಣ್ಣುಮಕ್ಕಳೆಲ್ಲ ನನಗೆ ‘ರಿ’ ಹಚ್ಚಿ ಮಾತಾಡುತ್ತಿದ್ದುದು ಆ ಮೀಸೆಯ ದೆಸೆಯಿಂದಲೇ ಇರಬೇಕು.

ಅದಾಗಿ ಎರಡು ವರ್ಷದ ಮೇಲೆ ಒಂದು ಮುಂಜಾನೆ ವಕೀಲರೇ ಗಿರಣಿಯ ಬಾಗಿಲಲ್ಲಿ ನಿಂತರು. ಕರಿಯ ಕೋಟಿಗೆ ಹಿಟ್ಟು ಹಾರೀತೆಂದು ಒಳಗೆ ಕಾಲಿಡಲಿಲ್ಲ.

“ಏನ್ ಮಿಸ್ತ್ರಿ, ನಿನಗ ದೋಣಿ ಇಂಜಿನ್ ಗೊತ್ತೈತೇನು?” ಎಂದು ಅಲ್ಲಿಂದಲೇ ಕೂಗಿದರು.

“ಗೊತ್ತೈತ್ರಿ ಸಾಹೇಬ್ರ,” ಎಂದೆ. ದೋಣಿಯ ಇಂಜಿನ್ ಒತ್ತಟ್ಟಿಗಿರಲಿ, ನಾನು ಹುಟ್ಟಿದಾಗಿನಿಂದ ಹರಗೋಲು ಬಿಟ್ಟು ಬೇರೆ ದೋಣಿಯನ್ನೇ ನೋಡಿರಲಿಲ್ಲ. ಆದರೆ ಇಪ್ಪತ್ತು ಮಂದಿ ಹೆಂಗಸರು ಕೇಳುತ್ತ ನಿಂತಿರುವಾಗ ‘ಗೊತ್ತಿಲ್ಲ’ ಎನ್ನುವುದು ನನ್ನಿಂದ ಆಗಲಿಲ್ಲ.

“ಎಲ್ಲಿ ನೋಡಿದಿ?”

“ಇಂಜಿನ್ ಅಂದ್ರ ಇಂಜಿನ್ನ ಅಲ್ಲೇನ್ರಿ. ಹಿಟ್ಟ ಬೀಸಿದ್ರೇನು, ನೀರ ಬೀಸಿದ್ರೇನು!”

ವಕೀಲರಿಗೆ ಈ ವಾದ ಒಪ್ಪಿಗೆಯಾಯಿತು.

ದೋಣಿ ಅವರ ಹಿತ್ತಲಲ್ಲಿತ್ತು. ತನ್ನ ದೇಶಕ್ಕೆ ಮರಳುತ್ತಿದ್ದ ಬಿಳಿಯ ಇಂಜಿನಿಯರನೊಬ್ಬ ಅದನ್ನು ಇವರ ಕೈಗೆ ದಾಟಿಸಿ ಹೋಗಿ ಎರಡು ಬೇಸಿಗೆ ಕಳೆದಿದ್ದವು. ಎರಡು ಚಕ್ಕಡಿಯಷ್ಟು ಉದ್ದ, ತೇಗದ ಹಲಗೆ, ನಡುವೆ ಒಂದೇ ಸಿಲಿಂಡರಿನ ಪುಟ್ಟ ಪೆಟ್ರೋಲ್ ಇಂಜಿನ್. ಬಿಸಿಲಿಗೆ ಒಣಗಿ ಹಲಗೆ ಹಲಗೆಯ ನಡುವೆ ಉಗುರು ತೂರುವಷ್ಟು ಸಂದಿ ಬಿದ್ದಿತ್ತು. ಒಳಗೆ ತುಂಬ ಕೆಂಪು ಮೆಣಸಿನಕಾಯಿ. ವಕೀಲರ ತಾಯಿ ಅದನ್ನು ಮೆಣಸಿನಕಾಯಿ ಒಣಗಿಸಲು ಇಟ್ಟುಕೊಂಡಿದ್ದರು. ಎಪ್ಪತ್ತು ದಾಟಿದ, ಕಡ್ಡಿಯಂಥ ಮುದುಕಿ. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಕೋಲು.

“ತಮ್ಮಾ, ನೀ ಇದನ್ನ ರಿಪೇರಿ ಮಾಡಾಂವೋ ಕೆಡಿಸಾಂವೋ?” ಎಂದು ಕೇಳಿದರು.

“ರಿಪೇರಿ ಮಾಡಾಂವ್ರಿ ಅವ್ವಾರ.”

“ಹಂಗಾದ್ರ ನನ್ನ ಮೆಣಸಿನಕಾಯಿ ಎಲ್ಲಿ ಹಾಕ್ಲಿ?”

ಇಂಜಿನ್ ಬಿಚ್ಚಲು ದೋಣಿಯೊಳಗೆ ಬಾಗಿದವನು ಸೀನತೊಡಗಿದೆ. ಒಂದೊಂದು ನಟ್ಟಿಗೆ ಹತ್ತು ಸೀನು. ಮುದುಕಿ ಕಟ್ಟೆಯ ಮೇಲೆ ಕುಳಿತು ಎಣಿಸುತ್ತಿದ್ದರು.

ಇಂಜಿನ್ನು ಗಿರಣಿಗೆ ಬಂತು. ಅದು ನನ್ನ ಕೆಲಸ, ಅಂಜಿಕೆ ಇರಲಿಲ್ಲ. ಆದರೆ ಕಟ್ಟಿಗೆಯ ಕೆಲಸಕ್ಕೆ ಮಸಗುಪ್ಪಿಯಿಂದ ನನ್ನ ಮಾವನನ್ನು ಕರೆಸಬೇಕಾಯಿತು. ಮಾವ ಬಡಿಗ. ಗಾಲಿ ಮಾಡುವುದರಲ್ಲಿ ಅವರನ್ನು ಮೀರಿಸಿದವರು ಆ ಸೀಮೆಯಲ್ಲಿ ಇರಲಿಲ್ಲ. ಹಾಗೆಂದು ಅವರೇ ಹೇಳುತ್ತಿದ್ದರು. ಅವರು ದೋಣಿಯನ್ನು ಒಂದು ಸುತ್ತು ಹಾಕಿ, ಕೊಡತಿಯಿಂದ ಹಲಗೆಗಳನ್ನು ಒಂದೊಂದಾಗಿ ಬಡಿದು, ಕಿವಿಗೊಟ್ಟು ಕೇಳಿದರು.

“ಅಳಿಯಾರ, ಇದಕ್ಕ ರೋಗ ಏನೂ ಇಲ್ಲ. ನೀರಡಿಕಿ ಆಗೈತಿ,” ಎಂದರು.

ನಾನು ಅಷ್ಟರಲ್ಲಿ ಒಂದು ಹೊರೆ ಹತ್ತಿ, ಒಂದು ಡಬ್ಬಿ ಡಾಂಬರು ತಂದಿಟ್ಟಿದ್ದೆ. ಸಂದಿಗಳಿಗೆಲ್ಲ ಹತ್ತಿಯನ್ನು ಗಚ್ಚಾಗಿ ಜಡಿದು ಡಾಂಬರು ಬಳಿದರೆ ಮುಗಿಯಿತೆಂದು ನನ್ನ ಲೆಕ್ಕ. ಮಾವ ಹತ್ತಿಯ ಹೊರೆಯನ್ನು ಕಾಲಿನಿಂದ ಬಾಜೂಕ್ಕೆ ಸರಿಸಿದರು.

“ಈಗ ಗಚ್ಚಾಗಿ ತುಂಬಿದ್ರ, ನಾಳಿ ನೀರಾಗ ಹಲಗಿ ಉಬ್ಬಿದಾಗ ಎಲ್ಲಿ ಹೋಗಬೇಕು ಅವು? ಮೊಳಿ ಕಿತ್ಗೊಂಡು ಹೊರಗ ಬರ್ತಾವು. ಬ್ಯಾಸಗ್ಯಾಗ ಗಾಲಿ ಸಡ್ಲ ಆದ್ರ ಏನ ಮಾಡ್ತೀವ್ರಿ? ಹಳ್ಳದಾಗ ಮುಳಗಸ್ತೀವು. ಇದನ್ನೂ ಮುಳಗಸೋಣು.”

“ಮಾವಾರ, ಇದು ದೋಣಿ!”

“ಕಟ್ಟಿಗಿಗೆ ಅದು ಗೊತ್ತಿರಂಗಿಲ್ಲ.”

ವಕೀಲರು ಆ ವಾರ ಒಂದು ಮೊಕದ್ದಮೆಗೆಂದು ಬೆಳಗಾವಿಗೆ ಹೋಗಿದ್ದರು. ಅದೇ ಒಳ್ಳೆಯದಾಯಿತು ಎಂದುಕೊಂಡೆವು. ಮಾವ ಸಂದಿಗಳಿಗೆ ಹತ್ತಿಯ ತೆಳ್ಳನೆಯ ಎಳೆ ಇಟ್ಟು, ಮೇಲೆ ಅಗಸೆ ಎಣ್ಣೆ ಸವರಿದರು. ಮೂರು ಜೋಡು ಎತ್ತು ಕಟ್ಟಿ ಧೂಪದಾಳದ ಒಡ್ಡಿನ ಹಿನ್ನೀರಿಗೆ ದೋಣಿ ಸಾಗಿಸಿ, ದಂಡೆಯ ಹತ್ತಿರ ಸೊಂಟದ ಮಟ್ಟದ ನೀರಿಗಿಳಿಸಿ, ಕಲ್ಲು ಹೇರಿ ಮುಳುಗಿಸಿಬಿಟ್ಟೆವು. ದಂಡೆಯಲ್ಲಿ ಒಂದು ಚಪ್ಪರ ಹಾಕಿಕೊಂಡು ಕಾಯುತ್ತ ಕುಳಿತೆವು.

ಮೂರನೆಯ ದಿನ ಮಧ್ಯಾಹ್ನ ಟಾಂಗಾ ಬಂದು ನಿಂತಿತು. ಮೊಕದ್ದಮೆ ಮುಂದಕ್ಕೆ ಹೋಗಿತ್ತಂತೆ. ವಕೀಲರು ಕೊಡೆ ಹಿಡಿದು ಇಳಿದು ದಂಡೆಯ ಉದ್ದಕ್ಕೂ ಕಣ್ಣಾಡಿಸಿದರು.

“ದೋಣಿ ಎಲ್ಲಿ?”

ನಾನು ಚಪ್ಪರದ ಕಂಬದ ಹಿಂದೆ ಸರಿದೆ. ಮಾವ ಮಾತ್ರ ಬೀಡಿ ಹಿಡಿದ ಕೈಯನ್ನು ನೀರಿನ ಕಡೆ ಚಾಚಿ, “ಅಲ್ಲೇ ಐತ್ರಿ. ನೀರ ಕುಡ್ಯಾಕತ್ತೈತಿ,” ಎಂದರು.

ವಕೀಲರು ಮುಂದೆ ಹೋಗಿ ಬಗ್ಗಿ ನೋಡಿದರು. ನೀರಿನ ಕೆಳಗೆ ತಮ್ಮ ದೋಣಿಯೂ, ಅದರೊಳಗೆ ಕಲ್ಲುಗಳೂ, ಕಲ್ಲುಗಳ ನಡುವೆ ಓಡಾಡುವ ಮೀನುಗಳೂ ಕಂಡಿರಬೇಕು. ಬಗ್ಗಿದವರು ಹಾಗೇ ನಿಂತರು.

“ನಂಬಿ ಒಪ್ಪಿಸಿದ ಮಾಲನ್ನ ನೀರಾಗ ಮುಳುಗಿಸಿದ್ರ ಕಾಯ್ದೆದ ಯಾವ ಕಲಮು ಹತ್ತತೈತಿ, ಗೊತ್ತೈತೇನು ನಿಮಗ?”

“ಕಲಮು ಗೊತ್ತಿಲ್ರಿ, ಹಲಗಿ ಗೊತ್ತೈತಿ,” ಎಂದರು ಮಾವ. “ಇನ್ನೆರಡು ದಿನ ತಡೀರಿ. ಆಮ್ಯಾಲ ಬೇಕಾದ್ರ ನನ್ನನ್ನೂ ಮುಳಗಸ್ರಿ.”

ಆ ಎರಡು ದಿನ ನಾನು ಗಳಿಗೆಗೊಮ್ಮೆ ನೀರಿಗೆ ಬಗ್ಗಿ ನೋಡಿದೆ. ಮೂರನೆಯ ದಿನ ಬೆಳಿಗ್ಗೆ ಕಲ್ಲು ತೆಗೆದು, ದೋಣಿಯನ್ನು ದಂಡೆಗೆ ಎಳೆದು, ಬಕೀಟುಗಳಲ್ಲಿ ನೀರು ತೋಡಿದೆವು. ಮತ್ತೆ ನೀರಿಗೆ ನೂಕಿದಾಗ ಅದು ಬಾತುಕೋಳಿಯ ಹಾಗೆ ತೇಲಿತು. ಸಂದಿಗಳೆಲ್ಲ ಕೂಡಿಕೊಂಡಿದ್ದವು. ಸಂಜೆಯವರೆಗೆ ಕಾದರೂ ಒಳಗೆ ಜಿನುಗಿದ್ದು ಒಂದು ಬೊಗಸೆ ನೀರು. ಮಾವ ಅದನ್ನು ಅಂಗೈಯಲ್ಲಿ ತೋಡಿ ನನ್ನ ಮುಖದೆದುರು ಹಿಡಿದರು.

ಇನ್ನು ನನ್ನ ಸರದಿ. ಇಂಜಿನ್ನಿನ ಹೊಗೆ ಕೊಳವೆಯಲ್ಲಿ ಕಣಜದ ಹುಳುಗಳು ಮಣ್ಣಿನ ಮನೆ ಕಟ್ಟಿದ್ದವು, ಕೆದರಿ ತೆಗೆದೆ. ಕಾರ್ಬೊರೇಟರಿನಲ್ಲಿ ಹಳೆಯ ಪೆಟ್ರೋಲು ಬೆಲ್ಲದ ಪಾಕವಾಗಿತ್ತು, ತಿಕ್ಕಿ ತೊಳೆದೆ. ಕಿಡಿ ಹುಟ್ಟಿಸುವ ಮ್ಯಾಗ್ನೆಟೊ ತಂಪು ಹಿಡಿದಿತ್ತು. ಅದನ್ನು ಒಲೆಯ ಬಾಜೂಕ್ಕೆ ಇಟ್ಟು ಒಣಗಿಸಿ, ಕಿಡಿ ಬರುತ್ತದೋ ಇಲ್ಲವೋ ನೋಡಲು ತಂತಿ ಹಿಡಿದು ತಿರುಗಿಸಿದೆ. ಬಂತು. ನನ್ನ ಮೊಣಕೈವರೆಗೆ ಬಂತು. ನಾನು ಹಾರಿ ಜೋಳದ ಬುಟ್ಟಿಯೊಂದರಲ್ಲಿ ಕುಳಿತೆ. ಅಂದಿನಿಂದ ಗಿರಣಿಗೆ ಬರುವ ಹೆಂಗಸರು ‘ರಿ’ ಹಚ್ಚುವುದನ್ನು ಬಿಟ್ಟರು. ಪ್ಲಗ್ಗು ಒಡೆದಿತ್ತು. ಹುಕ್ಕೇರಿ, ಕಣಗಲಾ ಕಡೆ ಓಡಾಡುವ ಸರ್ವಿಸ್ ಮೋಟಾರಿನ ಡ್ರೈವರನನ್ನು ಕಾಡಿ ಬೇಡಿ ಅವನ ಹತ್ತಿರವಿದ್ದ ಹಳೆಯದೊಂದನ್ನು ಇಸಿದುಕೊಂಡೆ.

ಇಂಜಿನ್ನು ದೋಣಿಯಲ್ಲಿ ಕೂತಿತು. ಪರೀಕ್ಷೆಯ ದಿನ ವಕೀಲರು ರುಮಾಲು ಸುತ್ತಿ, ಕೋಟು ತೊಟ್ಟು ಮುಂದಿನ ಹಲಗೆಯ ಮೇಲೆ ಬಂದು ಕುಳಿತರು. ನಾನು ಇಂಜಿನ್ನಿನ ಭಾರದ ಚಕ್ರವನ್ನು ಹಿಡಿದು ತಿರುಗಿಸಿದೆ. ಅದು ಒಮ್ಮೆ ಒದೆದು ನನ್ನ ಕೈ ಬಿಡಿಸಿಕೊಂಡು ಟಪ್ ಟಪ್ ಟಪ್ ಎಂದು ಹತ್ತಿಕೊಂಡಿತು. ದಂಡೆಯಲ್ಲಿದ್ದ ನಾಲ್ಕು ಮಂದಿ ಕೇಕೆ ಹಾಕಿದರು. ವಕೀಲರು ಎದೆ ಸೆಟೆಸಿ ಮುಂದೆ ನೋಡಿದರು. ದೋಣಿ ಹಿಂದಕ್ಕೆ ಹೊರಟಿತು.

“ಮಿಸ್ತ್ರಿ, ಎಲ್ಲಿ ಹೊಂಟಿ?”

“ಗೊತ್ತಿಲ್ರೀ!” ಎಂದೆ. ಈ ಕೆಲಸದಲ್ಲಿ ನಾನು ಮೊದಲ ಸಲ ಖರೆ ಹೇಳಿದ್ದು ಆಗಲೇ.

ಚುಕ್ಕಾಣಿ ಎಡಕ್ಕೆ ತಿರುವಿದರೆ ದೋಣಿ ತನಗೆ ತೋಚಿದ ಕಡೆ ಹೋಗುತ್ತಿತ್ತು. ಇಂಜಿನ್ನು ನಿಲ್ಲಿಸುವ ಗುಂಡಿಯ ತಂತಿ ಗಡಿಬಿಡಿಯಲ್ಲಿ ನನ್ನ ಕಾಲಿಗೆ ಸಿಕ್ಕಿ ಹರಿದಿತ್ತು. ಮಾವ ದಂಡೆಯ ಮೇಲೆ ನಮ್ಮ ಜೊತೆಗೇ ಹೆಜ್ಜೆ ಹಾಕುತ್ತ, “ಅಳಿಯಾರ, ಮಾರಿ ಈ ಕಡೆ ಐತಿ, ಹೊಂಟಿದ್ದು ಆ ಕಡೆ!” ಎಂದು ಕೂಗುತ್ತಿದ್ದರು. ಕೊನೆಗೆ ನಾವು ಹಿಂಬದಿಯಿಂದಲೇ ಆಳೆತ್ತರದ ಆಪು ಹುಲ್ಲಿನ ಪೊದೆಯೊಳಗೆ ನುಗ್ಗಿ ನಿಂತೆವು. ಹತ್ತಾರು ಬಿಳಿ ಕೊಕ್ಕರೆಗಳು ಎದ್ದು ಹಾರಿದವು. ವಕೀಲರ ರುಮಾಲು ಆಪಿನ ತುದಿಯಲ್ಲಿ ತೂಗಾಡುತ್ತಿತ್ತು.

ಅದರ ಮರ್ಮ ತಿಳಿಯಲು ನನಗೆ ಎರಡು ದಿನ ಬೇಕಾಯಿತು. ಆ ಜಾತಿಯ ಸಣ್ಣ ಇಂಜಿನ್ನಿಗೆ ಮುಂದು ಹಿಂದು ಎರಡೂ ಒಂದೇ. ಚಕ್ರ ಒದೆದು ಯಾವ ಕಡೆ ತಿರುಗಿತೋ ಆ ಕಡೆಗೇ ಓಡುತ್ತದೆ. ನೀರೊಳಗಿನ ಪಂಖವೂ ಹಾಗೇ ತಿರುಗುತ್ತದೆ. ಕೆಟ್ಟದ್ದೇನೂ ಇರಲಿಲ್ಲ, ಅದರ ಸ್ವಭಾವವೇ ಹಾಗೆ. ಇದನ್ನು ಹೇಳಲು ಮನೆಗೆ ಹೋದಾಗ ವಕೀಲರು ನನ್ನನ್ನು ಒಳಗಿನ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು.

“ಮಿಸ್ತ್ರಿ, ಯಾರಿಗೂ ಹೇಳಬ್ಯಾಡ. ನನಗ ನೀರಂದ್ರ ಜೀವ ಹಾರತೈತಿ. ಈಜಾಕ ಬರಂಗಿಲ್ಲ.”

“ಮತ್ತ ದೋಣಿ ಯಾಕ ತಗೊಂಡ್ರಿ ಸಾಹೇಬ್ರ?”

“ಆ ಬಿಳಿ ಸಾಹೇಬ ತೋರಿಸಿದಾಗ ಅದು ದಂಡಿ ಮ್ಯಾಲ ಇತ್ತು. ಭಾಳ ಚಂದ ಕಂಡಿತು,” ಎಂದರು. ನಗಬಾರದೆಂದು ನಾನು ಮೀಸೆ ಒರೆಸಿಕೊಂಡೆ.

ಆಗ ಬಾಗಿಲಾಚೆಯಿಂದ ಅವರ ತಾಯಿಯ ದನಿ ಬಂತು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

“ಅವ ಹತ್ತಲಿಲ್ಲಂದ್ರ ಬಿಡಲಿ. ನಾ ಹತ್ತತೀನಿ.”

“ಅವ್ವಾ, ನಿನಗ್ಯಾಕ ಈ ವಯಸ್ಸಿನ್ಯಾಗ?” ಎಂದರು ವಕೀಲರು.

“ಹನ್ನೆರಡ ವರ್ಷದಾಕಿ ಇದ್ದಾಗ ಲಗ್ನ ಮಾಡ್ಕೊಂಡು ಹರಗೋಲದಾಗ ಹೊಳಿ ದಾಟಿದೆ. ಹುಡುಗಿ ಅಂಜತಾಳ ಅಂತ ನಮ್ಮ ಅತ್ತಿ ಆ ದಂಡಿಯಿಂದ ಈ ದಂಡಿತನಕ ನನ್ನ ಕಣ್ಣ ಮುಚ್ಚಿ ಹಿಡಿದಿದ್ಲು. ನಾ ಅಂಜಿರಲಿಲ್ಲ. ಬರೇ ಸಪ್ಪಳ ಕೇಳಿದೆ, ಹೊಳಿ ನೋಡಲಿಲ್ಲ.” ಅವರು ಕೋಲನ್ನು ನೆಲಕ್ಕೆ ಕುಟ್ಟಿದರು. “ಈಗ ಕಣ್ಣ ಮುಚ್ಚಾಕ ಯಾರೂ ಉಳಿದಿಲ್ಲ.”

ಮುಂದಿನ ರವಿವಾರ ಅವರನ್ನು ಕರೆದೊಯ್ದೆವು. ಮಾವ ದೋಣಿಯಲ್ಲಿ ಕಂಬಳಿ ಹಾಸಿದ್ದರು. ವಕೀಲರು ತಾಯಿಯ ಚಪ್ಪಲಿ, ಕೋಲು ಎರಡನ್ನೂ ಹಿಡಿದು ದಂಡೆಯಲ್ಲಿ ನಿಂತರು. ಮುದುಕಿ ಮುಂದಕ್ಕೆ ಮುಖ ಮಾಡಿ ಕುಳಿತು, ಎರಡೂ ಕೈಯಿಂದ ಹಲಗೆ ಹಿಡಿದರು. ನಾನು ದೇವರನ್ನು ನೆನೆದು ಚಕ್ರ ತಿರುಗಿಸಿದೆ. ಅದು ಒದೆಯಿತು. ಇಂಜಿನ್ನು ಹತ್ತಿತು. ದೋಣಿ ಮತ್ತೆ ಹಿಂದಕ್ಕೆ ಹೊರಟಿತು.

ಸಿಟ್ಟಿನಿಂದ ಇಂಜಿನ್ನನ್ನು ಬೈಯುತ್ತ ನಿಲ್ಲಿಸಲು ಕೈ ಚಾಚಿದೆ.

“ತಡಿ ತಮ್ಮಾ, ಅದನ್ನ ಯಾಕ ಬೈತಿ?” ಎಂದರು ಮುದುಕಿ. “ನಾನ ತಿರುಗಿ ಕುಂಡ್ರತೀನಿ.”

ಸೀರೆ ಸಾವರಿಸಿಕೊಂಡು ಕುಳಿತಲ್ಲೇ ಹೊರಳಿ ನನ್ನ ಕಡೆ ಮುಖ ಮಾಡಿದರು. “ಈಗ ನೆಟ್ಟಗ ಹೊಂಟೈತಿ ನೋಡು,” ಎಂದರು.

ಆ ದಿನ ಪೆಟ್ರೋಲು ಅರ್ಧ ಮುಗಿಯುವವರೆಗೂ ನಾವು ಹಾಗೇ ಸುತ್ತಿದೆವು. ಮುದುಕಿ ರೆಪ್ಪೆ ಬಡಿದರೆ ಏನಾದರೂ ತಪ್ಪಿಹೋದೀತೆಂಬಂತೆ ನೋಡುತ್ತಿದ್ದರು. ಒಮ್ಮೆ ಕೈ ಇಳಿಬಿಟ್ಟು ನೀರು ಮುಟ್ಟಿ, ಒದ್ದೆ ಬೆರಳುಗಳನ್ನು ಕಣ್ಣಿಗೆ ಒತ್ತಿಕೊಂಡರು. ನಾನು ಚುಕ್ಕಾಣಿಯ ಕಡೆ ನೋಡಿದೆ.

ಆಮೇಲೆ ಎರಡು ವರ್ಷ, ಮಳೆಗಾಲ ಬಿಟ್ಟು, ತಿಂಗಳಿಗೆರಡು ರವಿವಾರ ಅವರು ತಪ್ಪಿಸಲಿಲ್ಲ. ಚಕ್ರವನ್ನು ಎಷ್ಟು ಎಳೆದರೆ ಯಾವ ಕಡೆ ಒದೆಯುತ್ತದೆ ಎಂಬುದು ನನ್ನ ಕೈಗೆ ಹತ್ತಿತು. ಪ್ರತಿ ಬೇಸಿಗೆಗೆ ಮಾವ ಮಸಗುಪ್ಪಿಯಿಂದ ಬಂದು ದೋಣಿಯನ್ನು ಮುಳುಗಿಸುತ್ತಿದ್ದರು. ವಕೀಲರು ಆ ವಾರ ಒಡ್ಡಿನ ಕಡೆ ಹಾಯುತ್ತಿರಲಿಲ್ಲ. ಯುದ್ಧ ಬಂದು ಪೆಟ್ರೋಲಿಗೆ ಕಂಟ್ರೋಲು ಬಿದ್ದಿತು. ನಾನು ಕೈ ಚೆಲ್ಲಿದೆ. ಮಾವ ಹಳೆಯ ಚಕ್ಕಡಿಯ ಮೂಕಿಗಳನ್ನು ಕೆತ್ತಿ ಎರಡು ಹುಟ್ಟು ಮಾಡಿ ತಂದರು. ಇಂಜಿನ್ನನ್ನು ಇಳಿಸಿಟ್ಟು, ನಾವಿಬ್ಬರೂ ಒಂದೊಂದು ಹುಟ್ಟು ಹಿಡಿದು ಮುದುಕಿಯನ್ನು ನೀರಿಗೆ ಒಯ್ದೆವು.

ಹಿನ್ನೀರು ತಣ್ಣಗಿತ್ತು. ಹುಟ್ಟಿನಿಂದ ತೊಟ್ಟಿಕ್ಕುವ ಹನಿ ಕೂಡ ಕೇಳುತ್ತಿತ್ತು. ಕೊಕ್ಕರೆಗಳು ಹಾರದೆ, ನಾವು ಹತ್ತು ಮಾರಿನಷ್ಟು ಹತ್ತಿರ ಹೋದರೂ ಒಂಟಿ ಕಾಲಲ್ಲಿ ನಿಂತೇ ಇದ್ದವು. ಮುದುಕಿ ಬಹಳ ಹೊತ್ತು ಅವುಗಳನ್ನೇ ನೋಡಿ, ಆಮೇಲೆ ನನ್ನ ಕಡೆ ತಿರುಗಿದರು.

“ಎಷ್ಟು ಚಂದ ಐತಲ್ಲೋ ತಮ್ಮಾ! ಎರಡು ವರ್ಷ ಆ ಗದ್ದಲ ಯಾಕ ಮಾಡಿದ್ರಿ?”

ಮಾವ ನಕ್ಕು ನಕ್ಕು ಕೈಯಲ್ಲಿದ್ದ ಹುಟ್ಟನ್ನು ನೀರಿಗೆ ಬಿಟ್ಟರು. ಅದನ್ನು ಹಿಡಿಯಲು ನಾನೇ ಧೋತರ ಎತ್ತಿ ಕಟ್ಟಿ ನೀರಿಗೆ ಇಳಿಯಬೇಕಾಯಿತು.