ಕಡ್ಡಿ, ಡಬ್ಬಿ ಎಂಬ ಎರಡು ಮಾತು

ನಿಜಲಿಂಗಪ್ಪ ಮಾಸ್ತರರು ಬ್ಯಾಡಗಿಯ ನಮ್ಮ ಮನೆಯ ಮುಂದಿನ ಖೋಲಿಗೆ ಬಾಡಿಗೆಗೆ ಬಂದದ್ದು 2004ರ ಜನವರಿಯಲ್ಲಿ. ರಾಣೇಬೆನ್ನೂರಿನ ಸಭೆಯೊಂದರಲ್ಲಿ ಸರ್ಕಾರವನ್ನು ಹಂಗಿಸಿ ಕವಿತೆ ಓದಿದ್ದಕ್ಕೆ ಹದಿನಾಲ್ಕು ತಿಂಗಳು ಜೈಲಿನಲ್ಲಿದ್ದು, ಜಾಮೀನಿನ ಮೇಲೆ ಹೊರಗೆ ಬಂದಿದ್ದರು. ಮಾಸ್ತರಿಕೆ ಹೋಗಿತ್ತು. ಪ್ರತಿ ಸೋಮವಾರ ಠಾಣೆಯಲ್ಲಿ ಸಹಿ ಮಾಡಬೇಕು. ಇನ್ನೊಂದು ದೂರು ಬಂದರೆ ಮತ್ತೆ ಜೈಲು. ಹಾವೇರಿಯಲ್ಲಿ ಪೊಲೀಸರು ಬಂದು ವಿಚಾರಿಸಿದ್ದೇ ತಡ, ಎರಡು ಮನೆಯವರು ಖೋಲಿ ಬಿಡಿಸಿದ್ದರು.

ಬೇರೆ ಕೆಲಸ ಯಾರೂ ಕೊಡಲಿಲ್ಲ. ನಮ್ಮ ಜೊತೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಬಂದು ಕೂತರು. ಅದು ಹೆಂಗಸರ ಕೆಲಸ. ಪಕ್ಕದಲ್ಲಿ ಕೂರುವ ಹೊಳಿಯವ್ವ ಸುಮ್ಮನಿರುವವಳಲ್ಲ.

"ಮಾಸ್ತರ್ರ, ನಾಳೆ ಸೀರಿ ಉಟ್ಕೊಂಡ್ ಬರ್ರಿ."

"ನಿಂದ ಒಂದು ಹಳೇದು ಕೊಡವಾ, ಜೇಲಿನ ಚಡ್ಡಿಗಿಂತ ಚಲೋ ಇರತೈತಿ."

ಕೈಯುರಿ ಮರೆಯಲೆಂದು ಅವರು ನಮಗೊಂದು ಪದ ಕಟ್ಟಿಕೊಟ್ಟರು:

ಕಡ್ಡಿ ಬಂತ, ಡಬ್ಬಿ ಬಂತ,
ಪ್ಯಾಟಿಯೆಲ್ಲಾ ಕೆಂಪಗಾತ.

ಸಣಕಲು ಕಾಯಿಗೆ ಕಡ್ಡಿ, ದಪ್ಪ ಕಾಯಿಗೆ ಡಬ್ಬಿ ಎನ್ನುವುದು ನಮ್ಮೂರಿನಲ್ಲಿ ಕೂಸಿಗೂ ಗೊತ್ತು. ಠಾಣೆಗೆ ಮೈಸೂರು ಕಡೆಯಿಂದ ಹೊಸದಾಗಿ ಬಂದ ಸಾಹೇಬರಿಗೆ ಗೊತ್ತಿರಲಿಲ್ಲ. ಮಾಸ್ತರರ ಹಿಂದೆ ಬಿಟ್ಟಿದ್ದ ಅವರ ಮಫ್ತಿಯವನು ಈ ಪದವನ್ನು ಬರೆದುಕೊಂಡು ಹೋಗಿ ಕೊಟ್ಟ.

ಮಾರ್ಚಿನ ಎರಡನೆಯ ಸೋಮವಾರ ಸಹಿಗೆ ಹೋದ ಮಾಸ್ತರರು ಮಧ್ಯಾಹ್ನವಾದರೂ ಬರಲಿಲ್ಲ. ಪೇದೆ ಹುಲಿಗೇಶ ಬಂದು ನನ್ನನ್ನೂ ಕರೆದ. ಅವನ ತಾಯಿ ನಮ್ಮ ಸಾಲಿನಲ್ಲೇ ತೊಟ್ಟು ಬಿಡಿಸುವವಳು. ದಾರಿಯುದ್ದಕ್ಕೂ ಅವನು ನನ್ನ ಮುಖ ನೋಡಲಿಲ್ಲ.

ಮಾಸ್ತರರನ್ನು ಗೋಡೆಗೆ ನಿಲ್ಲಿಸಿದ್ದರು. ಒಂದು ಕೆನ್ನೆ ಬಾತಿತ್ತು. ಸಾಹೇಬರು ಮೊದಲೇ ಬರೆದಿಟ್ಟಿದ್ದ ಹಾಳೆಯನ್ನು ನನ್ನೆದುರು ಸರಿಸಿದರು. "ನಿಮ್ಮ ಬಾಡಿಗೆಯವನು ಹೆಂಗಸರಿಗೆ ಏನು ಕಲಿಸ್ತಿದ್ದ ಅನ್ನೋದು ಇದರಲ್ಲಿದೆ. ಹೆಬ್ಬೆಟ್ಟು ಒತ್ತಿ, ಮನೆಗೆ ಹೋಗಮ್ಮ."

"ಓದತೇನ್ರಿ."

ನಾನು ಎರಡನೆಯ ಇಯತ್ತೆವರೆಗೆ ಕಲಿತವಳು. ಅಕ್ಷರ ಕೂಡಿಸಲು ಹೊತ್ತು ಹಿಡಿಯುತ್ತದೆ. ಸಾಹೇಬರು ಪೆನ್ನು ಕುಟ್ಟುತ್ತಿದ್ದರು. ನಾನು ಸಾಲಿನ ಮೇಲಿಂದ ಬೆರಳು ಎತ್ತಲಿಲ್ಲ. ನಾಲ್ಕನೆಯ ಸಾಲಿನಲ್ಲಿ "ಕಡ್ಡಿಪೆಟ್ಟಿಗೆ ತಂದು ಪೇಟೆಗೆ ಬೆಂಕಿ ಹಚ್ಚಿರಿ" ಎಂದಿತ್ತು.

"ಪೆಟ್ಟಗಿ ಅಂದಿಲ್ರಿ, ಡಬ್ಬಿ ಅಂದಾರ. ಬೆಂಕಿ ಅಂತೂ ಅಂದ ಇಲ್ಲ."

"ಎರಡೂ ಒಂದೇ ಅಲ್ವೇನಮ್ಮ?"

"ಒಂದ ಅಲ್ರಿ. ಕಡ್ಡೀನೂ ಡಬ್ಬೀನೂ ಮೆಣಸಿನಕಾಯ್ರಿ. ಹಂಗ ಬರೀರಿ, ಸಹೀನ ಮಾಡತೇನಿ."

"ಸುಳ್ಳು ಹೇಳಿದರೆ ನೀನೂ ಒಳಗೆ."

ಮೇಜು ಹಿಡಿದುಕೊಂಡೆ. "ನನ್ನ ಮಾತು ಬ್ಯಾಡ್ರಿ. ನಿಮ್ಮ ಪೊಲೀಸನ್ನ ಕೇಳ್ರಿ," ಎಂದು ಬಾಗಿಲಲ್ಲಿ ನಿಂತಿದ್ದ ಹುಲಿಗೇಶನ ಕಡೆ ತಿರುಗಿದೆ. "ಹೇಳಪಾ ತಮ್ಮಾ, ನಿಮ್ಮವ್ವ ದಿನಾ ಏನು ಬಿಡಸ್ತಾಳ?"

ಅವನು ಸಾಹೇಬರ ಕಡೆ ತಿರುಗಿದ. "ಖರೇ ಐತ್ರಿ ಸರ್. ಕಾಯಿ ಜಾತಿರಿ ಅವು," ಅಂದ. ಆಚೆ ಕೋಣೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಸಾಹೇಬರು ಹಾಳೆ ಹರಿಯಲಿಲ್ಲ. ಮಡಚಿ ಮೇಜಿನ ಖಾನೆಯೊಳಗೆ ಇಟ್ಟರು. "ಇವತ್ತು ಹೋಗು. ಮುಂದಿನ ಸೋಮವಾರ ಹತ್ತು ಗಂಟೆಗೆ ಬರಬೇಕು," ಎಂದು ಮಾಸ್ತರರಿಗೆ ಹೇಳಿದರು.

ಹೊರಗೆ ಬಂದ ಮೇಲೆ ಮಾಸ್ತರರು ಕೇಳಿದರು: "ಗುಡ್ಡವ್ವಾ, ಖೋಲಿ ಖಾಲಿ ಮಾಡ್ಲೇನು?"

"ಹಾಳಿ ಇನ್ನೂ ಅವರ ಖಾನ್ಯಾಗ ಐತಿ. ನೀವ ಬ್ಯಾರೆ ಕಡೆ ಹೋದ್ರ, ಸಹಿ ಹಾಕೂ ಮುಂದ ಅದರಾಗ ಏನೈತಿ ಅಂತ ಕೇಳಾವ್ರು ಯಾರ್ರಿ?"

ಅಲ್ಲಿಂದ ಎರಡು ವರ್ಷ, ಕೇಸು ವಜಾ ಆಗುವ ತನಕ, ಸೋಮವಾರ ನಾನೂ ಹೋಗಿ ಠಾಣೆಯ ಕಟ್ಟೆಯ ಮೇಲೆ ಕೂರುತ್ತಿದ್ದೆ. ಸಹಿ ಮಾಡುವ ಮೊದಲು ಮಾಸ್ತರರು ಪ್ರತಿಯೊಂದು ಹಾಳೆಯನ್ನೂ ನನಗೆ ಕೇಳಿಸುವಂತೆ ಗಟ್ಟಿಯಾಗಿ ಓದುತ್ತಿದ್ದರು.