ಅಳಿಸಿಹೋದ ಗುನುಗು

ನಮ್ಮ ರೆಕಾರ್ಡಿಂಗ್‌ನವನಿಗೆ 'ಒರೆಸುಬಟ್ಟೆ' ಎಂದು ಹೆಸರಿಟ್ಟವನು ನಾನೇ. ಸಭಿಕರ ಕೆಮ್ಮು, ಕುರ್ಚಿಯ ಕಿರುಗುಟ್ಟು, ಫ್ಯಾನಿನ ಸದ್ದು, ಏನೇ ಇರಲಿ, ಕಂಪ್ಯೂಟರಿನ ಮುಂದೆ ಕೂತು ಒರೆಸಿಹಾಕದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ. ವಯಸ್ಸು ಐವತ್ತು ದಾಟಿದರೂ ಹಟ ಮಾತ್ರ ಹಾಗೇ ಇತ್ತು.

ನಮ್ಮದು ಮೂವರ ಜಾಝ್ ತಂಡ. ಪಿಯಾನೊಗೆ ಒಬ್ಬಾಕೆ, ಡ್ರಮ್ಸಿಗೆ ನಾನು, ಬಾಸ್ ಎಂಬ ದಪ್ಪ ತಂತಿಯ ವಾದ್ಯಕ್ಕೆ ಈ ಒರೆಸುಬಟ್ಟೆಯ ಭಾವ. ಬರೆದಿಟ್ಟುಕೊಂಡು ನುಡಿಸುವವರಲ್ಲ ನಾವು. ಆ ಹೊತ್ತಿಗೆ ಹೊಳೆದದ್ದೇ ಸಂಗೀತ, ಇನ್ನೊಮ್ಮೆ ನುಡಿಸಿ ಎಂದರೆ ಬಾರದು. ಭಾವ ತಂತಿ ಮೀಟುತ್ತಲೇ ಗಂಟಲಲ್ಲಿ ಗುನುಗುತ್ತಿದ್ದರು. ಸಭೆಯಲ್ಲಿ ನುಡಿಸಿದ್ದನ್ನು ಆಲ್ಬಮ್ ಮಾಡಲು ಹೊರಟಾಗ ಅವರು ಅವನಿಗೆ ಕಡ್ಡಿ ಮುರಿದಂತೆ ಹೇಳಿದ್ದರು: "ಗುನುಗು ಇರ್ಲಿ ಕಣೋ. ಅದೂ ನನ್ನ ವಾದ್ಯಾನೇ."

ಈ ಮಹಾಶಯ ಕೇಳಬೇಕಲ್ಲ! ಎರಡು ತಿಂಗಳು ಕೂತು ಎಲ್ಲ ಮೈಕುಗಳ ರೆಕಾರ್ಡಿಂಗಿನಿಂದಲೂ ಗುನುಗನ್ನು ಹೆಕ್ಕಿ ತೆಗೆದ. ಮುಗಿದ ಕೆಲಸಕ್ಕೆ ಮತ್ತೆ ಯಾರೂ ಕೈಹಾಕಬಾರದೆಂದು ಮೂಲ ಪ್ರತಿಯನ್ನೂ ಅಳಿಸುವುದು ಅವನ ಪದ್ಧತಿ, ಅದನ್ನೂ ಮಾಡಿದ. ಭಾವ ಒಂದು ವಾರ ಅವನ ಮುಖ ನೋಡಲಿಲ್ಲ.

ಆಮೇಲೆ ಭಾವನ ಗಂಟಲಲ್ಲಿ ಗಡ್ಡೆ ಕಂಡಿತು. ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಆಸ್ಪತ್ರೆಯಿಂದ ಬಂದ ಮೇಲೆ ಭಾವನ ಹೆಂಡತಿ, ಅಂದರೆ ಇವನ ಅಕ್ಕ, ಸ್ಟುಡಿಯೊಗೆ ಫೋನ್ ಮಾಡಿದಳು. ನಾನೂ ಅಲ್ಲೇ ಇದ್ದೆ.

"ನನ್ನ ಮೊಬೈಲಲ್ಲಿ ಅವರ ದನಿ ಅಂತ ಇರೋದೆಲ್ಲ 'ಬಂದೆ, ಬಾಗ್ಲು ತೆಗಿ' ಅನ್ನೋದೇ ಕಣೋ. ನುಡಿಸ್ತಾ ಗುನುಗ್ತಿದ್ರಲ್ಲ, ಅದನ್ನ ಕೊಡು. ನಾಳೆ ಬರ್ತೀವಿ."

ಅವನ ಮುಖ ನೋಡಿ ನನಗೆ ಸಿಟ್ಟೂ ಬಂತು, ಕನಿಕರವೂ ಆಯಿತು. ಹಳೆಯ ಡಿಸ್ಕುಗಳನ್ನೆಲ್ಲ ತಡಕಾಡಿದ. ನನ್ನ ಡ್ರಮ್ಸಿನ ಮೈಕಿನಲ್ಲಾದರೂ ಚೂರು ಉಳಿದೀತೆಂದು ಹೆಡ್‌ಫೋನನ್ನು ಕಿವಿಗೊತ್ತಿ ಸಂಜೆಯವರೆಗೆ ಕೇಳಿದ. ಎಲ್ಲೂ ಏನೂ ಇರಲಿಲ್ಲ.

"ಒಂದು ಉಸಿರನ್ನಾದ್ರೂ ಬಿಟ್ಟಿಲ್ವಲ್ಲೋ ನಾನು," ಎಂದು ಮೇಜಿಗೆ ಹಣೆ ಹಚ್ಚಿ ಅತ್ತ. ಬೈಯಬೇಕೆಂದಿದ್ದ ನಾನು ಅವನ ಮುಂದೆ ನೀರಿನ ಲೋಟ ಇಟ್ಟೆ.

ಮರುದಿನ ಗಂಡ ಹೆಂಡತಿ ಬಂದರು. ಭಾವನ ಕುತ್ತಿಗೆಗೆ ಬ್ಯಾಂಡೇಜು.

"ಅಕ್ಕಾ, ಅದು ಇಲ್ಲ. ಅಳಿಸಿಬಿಟ್ಟೆ," ಎಂದ.

"ಯಾರನ್ನ ಕೇಳಿ ಅಳಿಸ್ದೆ?"

ಅವನು ಉತ್ತರ ಕೊಡುವ ಮೊದಲೇ ಭಾವ ಮೇಜಿನ ಮೇಲಿದ್ದ ಕಾಗದ ಎಳೆದುಕೊಂಡು ಬರೆದರು: 'ನಾನೇ ತೆಗಿ ಅಂದಿದ್ದೆ.'

ಅಕ್ಕ ಅದನ್ನು ಓದಿ ಗಂಡನತ್ತ ತಿರುಗಿದಳು. "ಮುಂದೆ ನನಗೆ ಬೇಕಾಗಬಹುದು ಅಂತ ಒಂದ್ಸಲಾನೂ ಅನ್ನಿಸ್ಲಿಲ್ವಾ ನಿಮಗೆ?"

ಭಾವ ಇಲ್ಲವೆಂದು ತಲೆಯಾಡಿಸಿದರು. ಒರೆಸುಬಟ್ಟೆ ನೆಲ ನೋಡುತ್ತಿದ್ದ. ಎಲ್ಲ ಗೊತ್ತಿದ್ದ ನಾನೂ ಬಾಯಿ ಬಿಡಲಿಲ್ಲ.